ಸೀಟು ತುಂಬಿಸೋದಕ್ಕೆ ಇಷ್ಟು ಓಡಾಟ, ಸೇರಿದ ಮಕ್ಕಳನ್ನು ಉಳಿಸಿಕೊಳ್ಳೋದಕ್ಕೆ ಏನು ಮಾಡುತ್ತಿದ್ದೇವೆ?

ಮೆಕ್ಯಾನಿಕಲ್ ಮೇಷ್ಟ್ರು

ಜಿಲ್ಲಾ ಕೇಂದ್ರದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿಟಿಯುಗೆ (ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಕಾಲೇಜು. ಪಿಯು ಪರೀಕ್ಷೆ ಮುಗಿಯುತ್ತಿದ್ದ ಹಾಗೆ ನಮಗೆಲ್ಲ ಒಂದೊಂದು ತಾಲ್ಲೂಕು ಹಂಚುತ್ತಾರೆ. ಬ್ರೋಷರ್ ಹಿಡಿದು ಪಿಯು ಕಾಲೇಜು ಸುತ್ತಬೇಕು, ಸಂಜೆ ಕೂತು ಒಬ್ಬೊಬ್ಬರ ಮನೆಗೂ ಫೋನ್ ಮಾಡಬೇಕು. ಇಷ್ಟೆಲ್ಲ ಮಾಡಿದ ಮೇಲೆ ಮೆಕ್ಯಾನಿಕಲ್‌ಗೆ, ಸಿವಿಲ್‌ಗೆ ಒಂದಷ್ಟು ಮಕ್ಕಳು ಬರುತ್ತಾರೆ. ಎರಡನೇ ವರ್ಷದ ಹೊತ್ತಿಗೆ ಅವರಲ್ಲಿ ಕೆಲವರು ಇರುವುದೇ ಇಲ್ಲ.

ಬಿಟ್ಟು ಹೋಗುವವರು ಯಾರು ಅಂತ ಗಮನಿಸುತ್ತಾ ಬಂದಿದ್ದೇನೆ. ದಡ್ಡರೇನಲ್ಲ. ಜಾಸ್ತಿ ಜನ ಸಿಇಟಿ ಸೀಟು ಹಂಚಿಕೆಯ ಕೊನೆಯ ರೌಂಡಿನಲ್ಲಿ ಸೀಟು ಸಿಕ್ಕಿ ತಡವಾಗಿ ಸೇರಿದವರು. ಅವರು ಬರುವ ಹೊತ್ತಿಗೆ ತರಗತಿ ಶುರುವಾಗಿರುತ್ತದೆ, ಗಣಿತದ ಮೊದಲ ಮಾಡ್ಯೂಲ್ ಮುಗಿದಿರುತ್ತದೆ. ಪೋಲಾರ್ ಕರ್ವ್ಸ್, ರೇಡಿಯಸ್ ಆಫ್ ಕರ್ವೇಚರ್ ಎಲ್ಲ ಆಗಿಹೋಗಿರುತ್ತದೆ. ಮೊದಲ ಐಎ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ) ಬಂದೇ ಬಿಡುತ್ತದೆ. ಹುಡುಗ ಪ್ರಶ್ನೆಪತ್ರಿಕೆ ನೋಡಿ ಹೆಸರು, ಯುಎಸ್‌ಎನ್ (ರಿಜಿಸ್ಟರ್ ನಂಬರ್) ಬರೆದು ಸುಮ್ನೆ ಕೂರುತ್ತಾನೆ. ಆ ದಿನದಿಂದ ಹಿಂದಿನ ಬೆಂಚು. ಆಮೇಲೆ ಹಾಜರಿ ಕಮ್ಮಿ. ಆಮೇಲೆ ಫೋನ್ ಎತ್ತುವುದಿಲ್ಲ.

ಅಡ್ಮಿಷನ್‌ಗೆ ಒಂದು ಕಮಿಟಿ ಇದೆ, ಗಾಡಿ ಇದೆ, ಬಜೆಟ್ ಇದೆ. ಬಂದ ಹುಡುಗನನ್ನು ಉಳಿಸಿಕೊಳ್ಳೋದಕ್ಕೆ ಏನಿದೆ? ನಿಮ್ಮ ಕಾಲೇಜಿನಲ್ಲಿ ನಿಜವಾಗಿ ಕೆಲಸ ಮಾಡಿದ್ದು ಏನಾದರೂ ಇದ್ದರೆ ಹೇಳಿ.

ಬಳ್ಳಾರಿ ಬಿಸಿಲು

ಬಿಡೋರು ಬಿಡಲಿ ಬಿಡ್ರಿ ಸರ್. ಎಲ್ಲರೂ ಇಂಜಿನಿಯರ್ ಆಗಲೇಬೇಕಾ? ಸೀಟುಗಳೇ ಜಾಸ್ತಿ ಆಗಿವೆ.

ದಾವಣಗೆರೆ ಅಪ್ಪ

@ಬಳ್ಳಾರಿ ಬಿಸಿಲು, ಹೇಳೋದು ಸುಲಭ. ಬಿಟ್ಟ ಹುಡುಗನ ಮನೆಯಲ್ಲಿ ಸಾಲ ಹಾಗೇ ಇರುತ್ತದೆ. ನನ್ನ ತಂಗಿಯ ಮಗ ಒಂದು ವರ್ಷ ಓದಿ ಬಿಟ್ಟ. ಮಾರ್ಕ್ಸ್ ಕಾರ್ಡ್, ಟಿಸಿ ವಾಪಸ್ ಕೇಳೋಕೆ ಹೋದರೆ ಉಳಿದ ಮೂರು ವರ್ಷದ ಫೀಸೂ ಕಟ್ಟಿ ಅಂದರು. ಕಾಲೇಜಿನ ಹೆಸರು ಹೇಳಲ್ಲ. ಮಕ್ಕಳನ್ನು ಉಳಿಸಿಕೊಳ್ಳೋದು ಅಂದರೆ ಅವರ ಲೆಕ್ಕದಲ್ಲಿ ಕಾಗದಪತ್ರ ಹಿಡಿದಿಟ್ಟುಕೊಳ್ಳೋದು!

ಮೆಕ್ಯಾನಿಕಲ್ ಮೇಷ್ಟ್ರು

ಮೂಲ ದಾಖಲೆ ಇಟ್ಟುಕೊಳ್ಳಬಾರದು ಅಂತ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಸ್ಪಷ್ಟವಾಗಿ ಹೇಳಿದೆ ಸರ್. ಬರವಣಿಗೆಯಲ್ಲಿ ದೂರು ಕೊಡಿ, ಪ್ರತಿಯನ್ನು ವಿಶ್ವವಿದ್ಯಾಲಯಕ್ಕೂ ಕಳಿಸಿ. ಬಾಯಿಮಾತಿನಲ್ಲಿ ಕೇಳಿದರೆ ಓಡಾಡಿಸುತ್ತಾರೆ.

ಬಳ್ಳಾರಿ ಬಿಸಿಲು

ಅಣ್ಣಾರ, ಅದು ಅನ್ಯಾಯ, ಒಪ್ಪುತ್ತೇನೆ. ನಾನು ಹೇಳಿದ್ದು ಬೇರೆ. ಇಷ್ಟ ಇಲ್ಲದ ಬ್ರಾಂಚಿಗೆ ಎಳೆದು ತಂದು ಕೂರಿಸಿದರೆ ಹುಡುಗ ಹೇಗೆ ಉಳಿಯುತ್ತಾನೆ? ತಪ್ಪು ಶುರುವಾಗೋದೇ ಆ ಬ್ರೋಷರ್‌ನಲ್ಲಿ. ಎಲ್ಲರದ್ದೂ ನೂರಕ್ಕೆ ನೂರು ಪ್ಲೇಸ್‌ಮೆಂಟ್. ಒಬ್ಬರ ಬ್ರೋಷರ್‌ನಲ್ಲಾದರೂ ಎಷ್ಟು ಜನ ನಾಲ್ಕೇ ವರ್ಷಕ್ಕೆ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇಲ್ಲದೆ ಪಾಸಾದರು ಅಂತ ಹಾಕಿರೋದು ನೋಡಿದ್ದೀರಾ?

ಎನ್‌ಬಿಎ ಫೈಲು

ಈ ಅಂಕಿ ಎಲ್ಲ ಕಾಲೇಜಲ್ಲೂ ಇರುತ್ತದೆ. ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಗೆ ಅರ್ಜಿ ಹಾಕುವಾಗ ಎಷ್ಟು ಸೀಟು ತುಂಬಿತು, ಸೇರಿದವರಲ್ಲಿ ಎಷ್ಟು ಜನ ಸರಿಯಾದ ಅವಧಿಗೆ ಮುಗಿಸಿದರು ಅಂತ ಎರಡನ್ನೂ ಕೊಡಬೇಕು. ಎರಡಕ್ಕೂ ಅಂಕ ಇದೆ. ಮಕ್ಕಳು ಬಿಟ್ಟು ಹೋದರೆ ಮ್ಯಾನೇಜ್‌ಮೆಂಟಿಗೂ ನಷ್ಟವೇ. ಒಬ್ಬ ಹುಡುಗ ಬಿಟ್ಟರೆ ಮೂರು ವರ್ಷದ ಫೀಸು ಹೋಯಿತು. ಈ ಲೆಕ್ಕವನ್ನು ಪ್ರಿನ್ಸಿಪಾಲರ ಮುಂದೆ ಇಡಿ ಮೇಷ್ಟ್ರೇ, ಮಕ್ಕಳ ಕಷ್ಟಕ್ಕೆ ಕರಗದವರು ಇದಕ್ಕೆ ಕಿವಿ ಕೊಡುತ್ತಾರೆ.

ಎರಡನೇ ಸೆಮ್ ಹುಡುಗಿ

ನಾನು ತಡವಾಗಿ ಸೇರಿದವಳೇ. ಮೇಷ್ಟ್ರು ಗಣಿತ ಅಂತಿದ್ದಾರೆ. ನನಗೆ ಗಣಿತಕ್ಕಿಂತ ಕಷ್ಟ ಆಗಿದ್ದು ಕೇಳೋಕೆ ಯಾರೂ ಇಲ್ಲದೇ ಇದ್ದದ್ದು. ಮೊದಲೇ ಬಂದವರೆಲ್ಲ ಗುಂಪು ಮಾಡಿಕೊಂಡಿದ್ದರು. ನೋಟ್ಸ್ ಎಲ್ಲಿ, ಲ್ಯಾಬ್ ಬ್ಯಾಚ್ ಯಾವುದು, ಅಬ್ಸರ್ವೇಷನ್ ಪುಸ್ತಕ ಯಾವುದು ತರಬೇಕು, ಒಂದೂ ಗೊತ್ತಿರಲಿಲ್ಲ. ವಾಟ್ಸಾಪ್ ಗ್ರೂಪಿಗೆ ಸೇರಿಸೋಕೇ ಎಷ್ಟೋ ದಿನ ಆಯಿತು. ನಾನು ಉಳಿದಿದ್ದು ಒಬ್ಬ ಸೀನಿಯರ್ ಅಕ್ಕನಿಂದ. ಅವರು ಬಸ್ಸಿನಲ್ಲಿ ಪಕ್ಕ ಕೂತು, ಪ್ರತಿ ಪೇಪರಿನಲ್ಲೂ ಐದು ಮಾಡ್ಯೂಲ್, ಒಂದೊಂದಕ್ಕೂ ಎರಡು ಪ್ರಶ್ನೆ, ಒಂದು ಬರೆದರೆ ಸಾಕು, ಹೋದ ಮಾಡ್ಯೂಲ್ ಬಿಟ್ಟು ಇವತ್ತು ನಡೀತಿರೋದನ್ನ ಹಿಡ್ಕೋ ಅಂತ ಹೇಳಿದರು. ಅಷ್ಟು ಹೇಳೋಕೆ ಕಾಲೇಜಿಗೆ ಆಗಲ್ವಾ?

ಮೆಕ್ಯಾನಿಕಲ್ ಮೇಷ್ಟ್ರು

ತುಂಬಾ ಒಳ್ಳೆಯ ಮಾತಮ್ಮ. ಇದನ್ನು ನೋಟ್ ಮಾಡಿಕೊಂಡೆ. ಇಂಡಕ್ಷನ್ ಕಾರ್ಯಕ್ರಮ ಅಂತ ಎಐಸಿಟಿಇ ಹೇಳಿದ ಪ್ರಕಾರ ಮೂರು ವಾರ ಮಾಡಬೇಕು. ಮೊದಲ ರೌಂಡಿನವರಿಗೆ ಏನೋ ಒಂದು ಮಾಡುತ್ತೇವೆ. ಕೊನೆಯಲ್ಲಿ ಬಂದವರಿಗೆ ನೇರವಾಗಿ ತರಗತಿಗೆ ಹೋಗಿ ಕೂರಿ ಅನ್ನುತ್ತೇವೆ. ಜಾಸ್ತಿ ಬೇಕಾಗಿರೋದು ಅವರಿಗೇ.

ಲ್ಯಾಟರಲ್ ಎಂಟ್ರಿ

ಡಿಪ್ಲೊಮಾದಿಂದ ಬಂದವರನ್ನು ಮರೆತುಬಿಟ್ಟಿರಾ? ನಾವು ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ನೇರ ಮೂರನೇ ಸೆಮಿಸ್ಟರಿಗೆ ಬರುತ್ತೇವೆ. ಕೌನ್ಸೆಲಿಂಗ್ ಮುಗಿಯುವ ಹೊತ್ತಿಗೆ ಇಲ್ಲಿ ಪಾಠ ಎಲ್ಲೋ ಹೋಗಿರುತ್ತದೆ. ಡಿಪ್ಲೊಮಾದಲ್ಲಿ ಗಣಿತ ಮುಟ್ಟಿ ಎಷ್ಟೋ ಕಾಲ ಆಗಿರುತ್ತದೆ. ಬಂದವರ ಮುಂದೆ ಲ್ಯಾಪ್ಲಾಸ್, ಫೋರಿಯರ್ ಸೀರೀಸ್. ಅದರ ಜೊತೆ ಮ್ಯಾಟ್‌ಡಿಪ್ (ಡಿಪ್ಲೊಮಾದವರಿಗೇ ಇಟ್ಟ ಹೆಚ್ಚುವರಿ ಗಣಿತ) ಬೇರೆ. 2018ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಮೂರನೇ ಸೆಮಿಸ್ಟರಿಗೆ ಒಂದು, ನಾಲ್ಕನೆಯದಕ್ಕೆ ಇನ್ನೊಂದು. ಕ್ರೆಡಿಟ್ ಇರಲಿಲ್ಲ, ಆದರೆ ಪಾಸಾಗದೆ ಡಿಗ್ರಿ ಸಿಗುತ್ತಿರಲಿಲ್ಲ. ಕ್ರೆಡಿಟ್ ಇಲ್ಲದ ವಿಷಯ ಅಂತ ಮೇಷ್ಟ್ರುಗಳೂ ಅದನ್ನು ಅಷ್ಟಕ್ಕಷ್ಟೆ ಮಾಡುತ್ತಿದ್ದರು. ನಮಗೆ ನಿಜವಾಗಿ ಬೇಕಾದ ಪಾಠ ಅದೇ ಆಗಿತ್ತು!

ಆದರೆ ವರ್ಕ್‌ಶಾಪಿಗೆ ಬನ್ನಿ. ಲೇತ್ ಮುಂದೆ ನಿಂತರೆ ಪಿಯುದಿಂದ ಬಂದವರು ನಮ್ಮನ್ನೇ ಕೇಳುತ್ತಾರೆ. ನಾವೂ ಅವರೂ ಜೋಡಿಯಾಗಿ ಓದೋ ಹಾಗೆ ಮಾಡಿದರೆ ಇಬ್ಬರಿಗೂ ಉಪಯೋಗ.

ಟೂಲ್‌ರೂಮ್

@ಲ್ಯಾಟರಲ್ ಎಂಟ್ರಿ ಸರಿಯಾಗಿ ಹೇಳಿದೆ ತಮ್ಮಾ. ನಾನು ಜಿಟಿಟಿಸಿಯಲ್ಲಿ (ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಓದಿದವನು. 1972ರಲ್ಲಿ ಡೆನ್ಮಾರ್ಕ್ ಸರಕಾರದ ಸಹಾಯದಿಂದ ಶುರುವಾದ ಸಂಸ್ಥೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, ಕೊನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಶುರುವಿನಿಂದಲೇ ಅರ (ಫೈಲ್) ಹಿಡಿದು ಬೆಂಚಿನ ಮುಂದೆ ನಿಲ್ಲಿಸುತ್ತಿದ್ದರು. ಕೈ ಬೊಬ್ಬೆ ಬಂದರೂ ಬಿಡುತ್ತಿರಲಿಲ್ಲ. ಮೂಲೆಮಟ್ಟ (ಸ್ಕ್ವೇರ್) ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಿಂದ ಬೆಳಕು ಬರಬಾರದು. ಆ ಒಂದು ತುಂಡು ಸರಿ ಹೋದ ದಿನ ಇದು ನನ್ನ ಕೆಲಸ ಅಂತ ಅನ್ನಿಸಿತು. ಇಂಜಿನಿಯರಿಂಗ್ ಮಕ್ಕಳಿಗೆ ಆ ಅನುಭವ ಬರೋದು ಯಾವಾಗ? ಮೊದಲ ವರ್ಷ ಪೂರ್ತಿ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎಲ್ಲ ಬ್ರಾಂಚಿಗೂ ಸಾಮಾನ್ಯವಾದ ವಿಷಯಗಳು. ತಾನು ಸೇರಿದ ಬ್ರಾಂಚ್ ಹೇಗಿರುತ್ತದೆ ಅಂತ ಗೊತ್ತಾಗೋ ಮುಂಚೆ ಅರ್ಧ ಜನಕ್ಕೆ ಬೇಸರ ಬಂದಿರುತ್ತದೆ.

ಎನ್‌ಬಿಎ ಫೈಲು

ಈಗ ಸ್ವಲ್ಪ ಬದಲಾಗಿದೆ. 2022ರ ಸ್ಕೀಮಿನಲ್ಲಿ ಗಣಿತ ಬ್ರಾಂಚಿಗೆ ತಕ್ಕ ಹಾಗೆ ಬೇರೆ ಬೇರೆ ಮಾಡಿದ್ದಾರೆ. ಸಿಎಸ್ ಕಡೆಯವರಿಗೆ ಮಾಡ್ಯುಲರ್ ಅರಿತ್‌ಮೆಟಿಕ್ ಎಲ್ಲ ಇದೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ಗೆ ಬೇರೆ.

ಟೂಲ್‌ರೂಮ್

ಸಿಲಬಸ್ ಬೇರೆ ಆಯಿತು ಸರಿ. ಪಾಠ ಮಾಡೋರು ಅದೇ ಹಳೇ ನೋಟ್ಸ್ ಇಟ್ಟುಕೊಂಡರೆ?

ಡೇಟನ್ ಕನ್ನಡಿಗ

ಅಮೆರಿಕದ ಒಹಾಯೋದಲ್ಲಿದ್ದೇನೆ. ಇಲ್ಲೂ ಇದೇ ಗೋಳಿತ್ತು. ಕ್ಯಾಲ್ಕುಲಸ್ ಪಾಸಾಗದೆ ಮುಂದಿನ ವಿಷಯಕ್ಕೆ ಹೋಗುವ ಹಾಗಿಲ್ಲ, ಅಲ್ಲೇ ಸಿಕ್ಕಿಹಾಕಿಕೊಂಡು ಬಿಟ್ಟು ಹೋಗುತ್ತಿದ್ದರು. ನಮ್ಮೂರಿನ ರೈಟ್ ಸ್ಟೇಟ್ ವಿಶ್ವವಿದ್ಯಾಲಯ 2004ರಲ್ಲಿ ಒಂದು ಪ್ರಯೋಗ ಮಾಡಿತು. ಮೊದಲ ವರ್ಷದಲ್ಲೇ ಇಂಜಿನಿಯರಿಂಗ್ ಮೇಷ್ಟ್ರುಗಳೇ ಗಣಿತ ಹೇಳಿಕೊಡುತ್ತಾರೆ. ಮುಂದಿನ ವಿಷಯಗಳಿಗೆ ಎಷ್ಟು ಗಣಿತ ಬೇಕೋ ಅಷ್ಟು. ಜೊತೆಗೆ ಲ್ಯಾಬ್. ಉದಾಹರಣೆಗೆ ಚೆಂಡು ಎಸೆದು ಅದರ ಎತ್ತರದಿಂದ ವೇಗ, ವೇಗದಿಂದ ವೇಗೋತ್ಕರ್ಷ ತೆಗೆಯೋದು, ಡೆರಿವೇಟಿವ್ ಅಂದರೆ ಇದೇ ಅಂತ ಕೈಗೆ ಸಿಗುತ್ತದೆ. ಇದು ಪಾಸಾದರೆ ಸ್ಟ್ಯಾಟಿಕ್ಸ್, ಸರ್ಕ್ಯೂಟ್ಸ್ ತಗೋಬಹುದು, ಪೂರ್ತಿ ಕ್ಯಾಲ್ಕುಲಸ್ ಆಮೇಲೆ ನಿಧಾನಕ್ಕೆ. ಇದನ್ನು ನೋಡಿ ಬೇರೆ ಕಾಲೇಜುಗಳೂ ಹಾಗೇ ಮಾಡಿದವು.

ಇನ್ನೊಂದು, ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜು. ಕಂಪ್ಯೂಟರ್ ಸೈನ್ಸಿಗೆ ಹುಡುಗಿಯರು ಬರುತ್ತಲೇ ಇರಲಿಲ್ಲ. 2006ರ ಸುಮಾರಿಗೆ ಮೊದಲ ಕೋರ್ಸನ್ನೇ ಬದಲಾಯಿಸಿದರು. ಮೊದಲೇ ಕೋಡಿಂಗ್ ಬರುವವರಿಗೆ ಬೇರೆ ತರಗತಿ, ಹೊಸಬರಿಗೆ ಬೇರೆ. ಗೊತ್ತಿದ್ದವನು ಕೈ ಎತ್ತಿ ಎತ್ತಿ ಮಿಕ್ಕವರ ಬಾಯಿ ಮುಚ್ಚಿಸೋದು ನಿಂತಿತು. ಕೆಲವೇ ವರ್ಷದಲ್ಲಿ ಹುಡುಗಿಯರ ಸಂಖ್ಯೆ ನೂರಕ್ಕೆ ಹತ್ತರ ಆಸುಪಾಸಿನಿಂದ ನಲವತ್ತಕ್ಕೆ ಹೋಯಿತು.

ಬಳ್ಳಾರಿ ಬಿಸಿಲು

ಅಲ್ಲಿ ಕಾಲೇಜೇ ಸಿಲಬಸ್ ಮಾಡಿಕೊಳ್ಳುತ್ತದೆ ಸರ್. ಇಲ್ಲಿ ಬೆಳಗಾವಿಯ ವಿಟಿಯುದಿಂದ ಬಂದದ್ದನ್ನು ಓದಿಸಬೇಕು. ಸ್ವಾಯತ್ತ ಕಾಲೇಜುಗಳು ಬೇಕಾದರೆ ಮಾಡಬಹುದು.

ಡೇಟನ್ ಕನ್ನಡಿಗ

ಸಿಲಬಸ್ ಮುಟ್ಟೋದೇ ಬೇಡ. ಇಬ್ಬರು ಮೇಷ್ಟ್ರು, ವಾರಕ್ಕೆ ಒಂದು ಸಂಜೆ, ಒಂದು ಲ್ಯಾಬ್. ಅಷ್ಟಕ್ಕೆ ಯಾರ ಅಪ್ಪಣೆ ಬೇಕು?

ಪಿಯು ಗಣಿತ

ಸರಕಾರಿ ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ. ನಿಮ್ಮ ಬ್ರೋಷರ್ ಹಿಡಿದು ಬರುವ ಮೇಷ್ಟ್ರುಗಳನ್ನು ಪ್ರತಿ ವರ್ಷ ನೋಡುತ್ತೇನೆ. ಬೇಜಾರು ಮಾಡ್ಕೋಬೇಡಿ, ಬರುವವರೆಲ್ಲ ಮಕ್ಕಳಿಗೆ ಹಾಸ್ಟೆಲ್, ಬಸ್ಸು, ಪ್ಯಾಕೇಜ್ ಬಗ್ಗೆ ಹೇಳಿ ಹೋಗುತ್ತಾರೆ. ಸಿವಿಲ್ ಇಂಜಿನಿಯರ್ ಬೆಳಗ್ಗೆ ಎದ್ದು ಏನು ಕೆಲಸ ಮಾಡುತ್ತಾನೆ ಅಂತ ಒಬ್ಬರೂ ಹೇಳಲ್ಲ. ಒಬ್ಬರು ಮಾತ್ರ ಡಂಪಿ ಲೆವೆಲ್ (ನೆಲದ ಏರುತಗ್ಗು ಅಳೆಯುವ ಉಪಕರಣ) ತಂದು ನಮ್ಮ ಮೈದಾನದಲ್ಲಿ ಇಟ್ಟು, ಮಳೆ ನೀರು ಯಾವ ಕಡೆ ನಿಲ್ಲುತ್ತದೆ ಅಂತ ಮಕ್ಕಳ ಕೈಯಲ್ಲೇ ಅಳತೆ ಮಾಡಿಸಿದರು. ಮಧ್ಯಾಹ್ನ ಪೂರ್ತಿ ಅಳತೆ ಕೋಲು (ಸ್ಟಾಫ್) ಹಿಡಿದು ಓಡಾಡಿದರು ಮಕ್ಕಳು, ಊಟಕ್ಕೂ ಬರಲಿಲ್ಲ. ಆ ವರ್ಷ ನನ್ನ ಮೂರು ಮಕ್ಕಳು ಕೇಳಿ ಸಿವಿಲ್ ತಗೊಂಡರು. ಮೂವರೂ ಓದುತ್ತಿದ್ದಾರೆ, ಯಾರೂ ಬಿಟ್ಟಿಲ್ಲ.

ಇನ್ನೂ ಒಂದು ಮಾತು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಶೇ. 5, ಗ್ರಾಮೀಣ ಮಕ್ಕಳಿಗೆ ಶೇ. 15 ಮೀಸಲು ಇದೆ. ಸೀಟು ಕೊಡುವವರೆಗೆ ಸರಕಾರ ಕೈ ಹಿಡಿಯುತ್ತದೆ. ಆಮೇಲೆ ಆ ಮಗುವಿನ ಕಡೆ ಯಾರು ನೋಡುತ್ತಾರೆ?

ಇಸಿಇ 2010

ಪಿಯು ಮೇಡಂ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಬ್ಯಾಚಿನಲ್ಲಿ ಒಬ್ಬ, ಬ್ರೆಡ್‌ಬೋರ್ಡ್ ಮೇಲೆ ಸರ್ಕ್ಯೂಟ್ ಹಾಕೋದರಲ್ಲಿ ಅವನೇ ಮುಂದು. ವೈವಾದಲ್ಲಿ (ಮೌಖಿಕ ಪರೀಕ್ಷೆ) ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ ಪರೀಕ್ಷಕರು) ಇಂಗ್ಲಿಷಿನಲ್ಲಿ ಕೇಳಿದರೆ ಮಾತೇ ಇಲ್ಲ. ತಲೆ ಬಗ್ಗಿಸಿ ನಿಂತಿದ್ದ. ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದವರು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರು. ಕಿರ್ಚಾಫ್ ನಿಯಮದಿಂದ ಶುರು ಮಾಡಿ ಯಾವ ರೆಸಿಸ್ಟರ್ ಬದಲಾಯಿಸಿದರೆ ಏನಾಗುತ್ತದೆ ಅನ್ನೋವರೆಗೂ ಹೇಳಿದ. ಎಕ್ಸ್‌ಟರ್ನಲ್ ನಕ್ಕು ಒಳ್ಳೆ ಅಂಕ ಕೊಟ್ಟರು. ಆದರೆ ಥಿಯರಿಯಲ್ಲಿ ಅವನನ್ನು ಯಾರು ಕೇಳುತ್ತಾರೆ? ನಮ್ಮ ಸ್ಕೀಮಿನಲ್ಲಿ ನಾಲ್ಕಕ್ಕಿಂತ ಜಾಸ್ತಿ ವಿಷಯ ಉಳಿದರೆ ಇಯರ್ ಬ್ಯಾಕ್, ಮುಂದಿನ ವರ್ಷಕ್ಕೆ ಹೋಗುವ ಹಾಗಿಲ್ಲ. ಅವನಿಗೆ ಐದು ಉಳಿಯಿತು. ಮನೆಗೆ ಹೋದವನು ವಾಪಸ್ ಬರಲಿಲ್ಲ.

ಬಳ್ಳಾರಿ ಬಿಸಿಲು

ಅದಕ್ಕೇ ಕನ್ನಡದಲ್ಲೇ ಇಂಜಿನಿಯರಿಂಗ್ ಅಂತ 2021ರಲ್ಲಿ ಎಐಸಿಟಿಇ ಅವಕಾಶ ಕೊಟ್ಟಿತಲ್ಲ. ಹೆಚ್ಚು ಜನ ಮುಂದೆ ಬರಲಿಲ್ಲ.

ಪಿಯು ಗಣಿತ

ಪೂರ್ತಿ ಕನ್ನಡದಲ್ಲಿ ಓದಿದರೆ ಕಂಪನಿಯವರು ತಗೋತಾರೋ ಇಲ್ಲವೋ ಅನ್ನೋ ಭಯ ಮಕ್ಕಳಿಗೆ. ಅದು ಸುಳ್ಳು ಭಯ ಅಲ್ಲ. ಹಾಗಂತ ಇಂಗ್ಲಿಷ್ ಒಂದೇ ಅಂತಾನೂ ಅಲ್ಲ. ಇಂಗ್ಲಿಷಿನಲ್ಲಿ ಪರೀಕ್ಷೆ ಇರಲಿ, ತರಗತಿಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿ. ವೈವಾದಲ್ಲಿ ಎರಡರಲ್ಲೂ ಉತ್ತರ ಕೊಡಲು ಬಿಡಿ. ಮೊದಲ ವರ್ಷ ಇಷ್ಟಾದರೆ ಎರಡನೇ ವರ್ಷಕ್ಕೆ ಅವರೇ ಇಂಗ್ಲಿಷಿಗೆ ಒಗ್ಗಿಕೊಳ್ಳುತ್ತಾರೆ.

ಮೆಕ್ಯಾನಿಕಲ್ ಮೇಷ್ಟ್ರು

ನಾನು ಹಾಗೇ ಮಾಡುತ್ತೇನೆ ಮೇಡಂ. ಬೇರೆ ರಾಜ್ಯದ ಮಕ್ಕಳು ತರಗತಿಯಲ್ಲಿದ್ದರೆ ಮಾತ್ರ ಕಷ್ಟ. ಆಗ ಎರಡೆರಡು ಸಲ ಹೇಳುತ್ತೇನೆ.

ಸಿಇಟಿ ಬರೆದವನು

ಸಾರಿ, ಮಧ್ಯದಲ್ಲಿ ಒಂದು ಡೌಟ್. ನನಗೆ ಮೊದಲ ರೌಂಡಿನಲ್ಲಿ ಹತ್ತಿರದ ಸರಕಾರಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಸಿಕ್ಕಿದೆ. ಮನೆಯಲ್ಲಿ ಸಿಎಸ್ ಸಿಗೋವರೆಗೂ ಕಾಯಿ ಅಂತಾರೆ. ಚಾಯ್ಸ್ 2 ಕೊಡಲಾ, 3 ಕೊಡಲಾ?

ಎನ್‌ಬಿಎ ಫೈಲು

2 ಕೊಡು. ಸಿಕ್ಕ ಸೀಟು ಕೈಯಲ್ಲಿರುತ್ತದೆ, ಮುಂದಿನ ರೌಂಡಿನಲ್ಲಿ ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತದೆ. 3 ಅಂದರೆ ಈಗಿನ ಸೀಟು ಬಿಟ್ಟ ಹಾಗೆ. ಒಂದು ನೆನಪಿಡು, ಮೇಲಿನ ಆಪ್ಷನ್ ಸಿಕ್ಕಿದರೆ ಹಳೆಯದು ಹೋಯಿತು. ಇಷ್ಟ ಇಲ್ಲದ ಕಾಲೇಜನ್ನು ಸುಮ್ನೆ ಮೇಲೆ ಇಟ್ಟಿದ್ದರೆ ತೆಗೆದುಬಿಡು.

ಟೂಲ್‌ರೂಮ್

ಮೆಕ್ಯಾನಿಕಲ್ ಬೇಡ ಅಂತ ಯಾರು ಹೇಳಿದರು ತಮ್ಮಾ? ನಿನಗೆ ಮಷಿನ್ ಬಿಚ್ಚಿ ಜೋಡಿಸೋದು ಇಷ್ಟ ಇದ್ದರೆ ಕಣ್ಣು ಮುಚ್ಚಿ ಸೇರು. ಪೀಣ್ಯದಲ್ಲಿ ಒಳ್ಳೆ ಟೂಲ್ ಡಿಸೈನರ್ ಸಿಗುತ್ತಿಲ್ಲ ಅಂತ ಒದ್ದಾಡುತ್ತಿದ್ದೇವೆ.

ಸಿಇಟಿ ಬರೆದವನು

ಸಂಬಳ ಎಷ್ಟು ಕೊಡ್ತೀರಾ ಅಣ್ಣ?

ಟೂಲ್‌ರೂಮ್

ಶುರುವಿನಲ್ಲಿ ಸಾಫ್ಟ್‌ವೇರ್‌ನವರಿಗಿಂತ ಕಮ್ಮಿ. ಅದನ್ನು ಮುಚ್ಚಿಡಲ್ಲ. ನಾಲ್ಕೈದು ವರ್ಷ ಕೆಲಸ ಕಲಿತವನನ್ನು ಯಾರೂ ಬಿಡಲ್ಲ, ಆಗ ಒಳ್ಳೆ ಸಂಬಳ. ಕಂಪನಿಗಳೂ ಶುರುವಿನ ಸಂಬಳ ಏರಿಸಬೇಕು, ಇಲ್ಲದಿದ್ದರೆ ಮಕ್ಕಳು ಬರಲ್ಲ ಅಂತ ನಮ್ಮ ಮಾಲೀಕರಿಗೂ ಹೇಳುತ್ತಲೇ ಇದ್ದೇನೆ.

ಎನ್‌ಬಿಎ ಫೈಲು

ಇದೇ ವಿಷಯಕ್ಕೆ ಸೇರಿದ್ದು. 2024-25ರಿಂದ ಚೆನ್ನಾಗಿರುವ ಕಾಲೇಜುಗಳಿಗೆ ಒಂದು ಬ್ರಾಂಚಿನಲ್ಲಿ ಇಷ್ಟೇ ಸೀಟು ಅನ್ನುವ ಮಿತಿಯನ್ನು ಎಐಸಿಟಿಇ ತೆಗೆದುಹಾಕಿತು. ಬೆಂಗಳೂರಿನ ದೊಡ್ಡ ಕಾಲೇಜುಗಳು ಸಿಎಸ್ ಸೆಕ್ಷನ್ ಮೇಲೆ ಸೆಕ್ಷನ್ ಸೇರಿಸಿದವು. ಜಿಲ್ಲೆಗಳ ಕಾಲೇಜಿಗೆ ಬರಬೇಕಾದ ಮಕ್ಕಳು ಅಲ್ಲಿಗೆ ಹೋದರು. ಮೇಷ್ಟ್ರು ತಾಲ್ಲೂಕು ತಿರುಗುತ್ತಿರುವುದಕ್ಕೆ ಇದೂ ಒಂದು ಕಾರಣ.

ದಾವಣಗೆರೆ ಅಪ್ಪ

ಬೆಂಗಳೂರಿಗೆ ಹೋದ ಮಕ್ಕಳಿಗೆ ಪಿಜಿ ಬಾಡಿಗೆ, ಊಟ ಅಂತ ಫೀಸಿನಷ್ಟೇ ಖರ್ಚು ಬರುತ್ತದೆ. ದುಡ್ಡು ಸಾಲದೆ ಬಿಡೋರೂ ಇದ್ದಾರೆ. ಸ್ಕಾಲರ್‌ಶಿಪ್ ಬರೋ ಹೊತ್ತಿಗೆ ಪರೀಕ್ಷೆ ಫೀಸ್ ಕಟ್ಟೋ ದಿನ ಮುಗಿದಿರುತ್ತದೆ.

ಎರಡನೇ ಸೆಮ್ ಹುಡುಗಿ

ಅಂಕಲ್, ನಿಮ್ಮ ಮನೆಯಲ್ಲಿ ಓದೋ ಹುಡುಗಿಯರಿದ್ದರೆ ಎಐಸಿಟಿಇ ಪ್ರಗತಿ ಸ್ಕಾಲರ್‌ಶಿಪ್ ನೋಡಿ. ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ 8 ಲಕ್ಷದ ಒಳಗಿರಬೇಕು, ಒಂದು ಮನೆಯಿಂದ ಇಬ್ಬರು ಹುಡುಗಿಯರು ಹಾಕಬಹುದು. ನಮ್ಮ ಕ್ಲಾಸಿನಲ್ಲಿ ಇದು ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಸೀಟಿನಲ್ಲೂ ಆದಾಯ ಕಮ್ಮಿ ಇರುವವರಿಗೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಅಂತ ಶೇ. 5 ಇದೆ, ಟ್ಯೂಷನ್ ಫೀಸ್ ಇರಲ್ಲ.

ಇನ್ನೊಂದು ಹೇಳಲೇಬೇಕು. ನಾನು ಹಳ್ಳಿಯಿಂದ ದಿನಾ ಓಡಾಡ್ತೀನಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ದುಡ್ಡಿನ ಚಿಂತೆ ಇಲ್ಲ. ಆದರೆ ನಮ್ಮೂರಿಗೆ ಕೊನೆಯ ಬಸ್ಸು ಸಂಜೆ ಆರಕ್ಕೆ. ಲ್ಯಾಬ್ ಮುಗಿದ ಮೇಲೆ ಎಕ್ಸ್‌ಟ್ರಾ ಕ್ಲಾಸ್ ಇಟ್ಟರೆ ನಾವು ಯಾರೂ ಕೂರೋಕೆ ಆಗಲ್ಲ. ರೆಮಿಡಿಯಲ್ ಕ್ಲಾಸಿಗೆ ಹುಡುಗಿಯರೇ ಬರಲ್ಲ ಅಂತ ಬೈತಾರೆ. ಬಸ್ ಟೈಮ್ ಕೇಳಿ ಇಡಿ ಅಂದರೆ ಯಾರೂ ಕೇಳಲ್ಲ.

ಡೇಟನ್ ಕನ್ನಡಿಗ

ವಾರಕ್ಕೊಂದು ಸಂಜೆ ಅಂದೆನಲ್ಲ, ಅದನ್ನು ಮಧ್ಯಾಹ್ನಕ್ಕೆ ಹಾಕಿ ಹಾಗಾದರೆ.

ಲ್ಯಾಟರಲ್ ಎಂಟ್ರಿ

ಮೆಂಟರ್ ಅಂತ ಇರ್ತಾರಲ್ಲ, ಅವರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಇಪ್ಪತ್ತು ಮಕ್ಕಳಿಗೆ ಒಬ್ಬರು. ಸೆಮಿಸ್ಟರ್ ಕೊನೆಯಲ್ಲಿ ಡೈರಿ ಹಂಚಿ, ಎಲ್ಲ ಭೇಟಿಯ ಸಹಿಯನ್ನೂ ಒಂದೇ ದಿನ ಹಾಕಿಸಿಕೊಂಡರು.

ಮೆಕ್ಯಾನಿಕಲ್ ಮೇಷ್ಟ್ರು

ಎಷ್ಟೋ ಕಡೆ ಹಾಗೇ ನಡೆಯುತ್ತದೆ. ಮೆಂಟರ್‌ಗೆ ಪಾಠ ಇದೆ, ಪೇಪರ್ ವ್ಯಾಲ್ಯುಯೇಷನ್ ಇದೆ, ಫೈಲು ಇದೆ, ಅಡ್ಮಿಷನ್ ಓಡಾಟ ಇದೆ. ಹುಡುಗನ ಜೊತೆ ಕೂತು ಮಾತಾಡೋಕೆ ಟೈಮ್‌ಟೇಬಲ್ಲಿನಲ್ಲಿ ಒಂದು ಪೀರಿಯಡ್ ಇಲ್ಲ. ಅದನ್ನೇ ಕೇಳಬೇಕು ಅಂತಿದ್ದೇನೆ. ಎನ್‌ಬಿಎ ಫೈಲಿನವರು ಹೇಳಿದ ಲೆಕ್ಕ ಹಾಕಿ ತೋರಿಸುತ್ತೇನೆ. ತಡವಾಗಿ ಬಂದವರಿಗೇ ಬೇರೆ ಇಂಡಕ್ಷನ್, ಅವರ ಜೊತೆ ಒಬ್ಬೊಬ್ಬ ಸೀನಿಯರ್, ಮೊದಲ ಐಎ ಅವರಿಗೆ ಮಾತ್ರ ತಡವಾಗಿ. ವರ್ಕ್‌ಶಾಪಿನಲ್ಲಿ ಡಿಪ್ಲೊಮಾ ಮಕ್ಕಳ ಜೊತೆ ಜೋಡಿ.

ಬಳ್ಳಾರಿ ಬಿಸಿಲು

ಐಎ ತಡವಾಗಿ ಇಡೋಕೆ ಒಪ್ಪಲ್ಲ ನೋಡ್ರಿ. ವೇಳಾಪಟ್ಟಿ ಅಂತಾರೆ.

ಎನ್‌ಬಿಎ ಫೈಲು

ಐಎ ಎಲ್ಲ ಸೇರಿ ಬರುವ ಸಿಐಇ (ಆಂತರಿಕ) ಅಂಕ ಕಾಲೇಜಿನ ಕೈಯಲ್ಲೇ ಇದೆ. 50ಕ್ಕೆ 20 ಬರದಿದ್ದರೆ ಹುಡುಗ ಸೆಮಿಸ್ಟರ್ ಪರೀಕ್ಷೆಗೇ ಕೂರುವ ಹಾಗಿಲ್ಲ. ಪಾಠವೇ ಕೇಳದವನಿಗೆ ಪರೀಕ್ಷೆ ಇಟ್ಟು ಹೊರಗೆ ಹಾಕೋದಕ್ಕಿಂತ ಎರಡು ವಾರ ತಡವಾಗಿ ಇಡಬಹುದಲ್ವಾ? ಇಲಾಖೆಯ ಮುಖ್ಯಸ್ಥರು ಮನಸ್ಸು ಮಾಡಿದರೆ ಆಗುತ್ತದೆ. ನಮ್ಮಲ್ಲಿ ಮಾಡಿದ್ದಾರೆ.

ಮೆಕ್ಯಾನಿಕಲ್ ಮೇಷ್ಟ್ರು

ನಿಮ್ಮಲ್ಲಿ ಮಾಡಿದ ಆದೇಶದ ಪ್ರತಿ ಇದ್ದರೆ ಕಾಲೇಜಿನ ಹೆಸರು ಅಳಿಸಿ ಹಾಕಿ ಸರ್. ಸೋಮವಾರ ಮೀಟಿಂಗ್ ಇದೆ. ಪಿಯು ಮೇಡಂ, ಆ ಡಂಪಿ ಲೆವೆಲ್ ಕಾರ್ಯಕ್ರಮ ಎಷ್ಟು ಹೊತ್ತು ನಡೆಯಿತು, ಒಂದು ಸೆಟ್ಟಿಗೆ ಎಷ್ಟು ಮಕ್ಕಳಿದ್ದರು? ಈ ಸಲ ನಾನು ಬ್ರೋಷರ್ ಬಿಟ್ಟು ಒಂದು ಹಳೆಯ ಬೈಕ್ ಇಂಜಿನ್ ತಗೊಂಡು ಬರುತ್ತೇನೆ.

ಪಿಯು ಗಣಿತ

ಎಂಟು ಮಕ್ಕಳಿಗೆ ಒಂದು ಸೆಟ್. ಅದಕ್ಕಿಂತ ಜಾಸ್ತಿ ಆದರೆ ಹಿಂದಿನವರು ಸುಮ್ನೆ ನಿಲ್ಲುತ್ತಾರೆ. ಇಂಜಿನ್ ತರೋದಾದರೆ ಸ್ಪ್ಯಾನರ್ ಜಾಸ್ತಿ ತನ್ನಿ. ನಮ್ಮಲ್ಲಿ ಶನಿವಾರ ಬೆಳಗ್ಗೆ ಕ್ಲಾಸು, ಅದಾದ ಮೇಲೆ ಬನ್ನಿ. ಹುಡುಗಿಯರ ಬಸ್ಸು ಎರಡೂವರೆಗೆ.